ಅತಿ ಹೆಚ್ಚು ಟೂರ್ನಿ ಪಂದ್ಯ ಆಡಿದ ಫುಟ್‌ಬಾಲಿಗರು: ಪಟ್ಟಿಯನ್ನು ನೀವೇ ತಪ್ಪಿಲ್ಲದೆ ಮಾಡುವುದು ಹೇಗೆ

ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಆಡಿದವರು ಯಾರು ಅಂತ ನಾಲ್ಕು ಜನರನ್ನು ಕೇಳಿ ನೋಡಿ. ನಾಲ್ಕು ಹೆಸರು ಬರುತ್ತವೆ. ತಮಾಷೆ ಏನೆಂದರೆ ನಾಲ್ವರೂ ಸರಿ ಇರಬಹುದು. ಒಬ್ಬರು ಪಂದ್ಯ ಎಣಿಸಿರುತ್ತಾರೆ, ಇನ್ನೊಬ್ಬರು ಎಷ್ಟು ವಿಶ್ವಕಪ್‌ಗೆ ಹೋಗಿದ್ದರು ಅಂತ ನೋಡಿರುತ್ತಾರೆ, ಮತ್ತೊಬ್ಬರು ನಿಮಿಷದ ಲೆಕ್ಕ ಹಿಡಿದಿರುತ್ತಾರೆ, ನಾಲ್ಕನೆಯವರು ಮಹಿಳೆಯರ ವಿಶ್ವಕಪ್ ಬಗ್ಗೆ ಹೇಳುತ್ತಿರುತ್ತಾರೆ.

ನಾನೂ ಹೀಗೆ ಒಮ್ಮೆ ವಾದಕ್ಕಿಳಿದು ಮುಖಭಂಗ ಮಾಡಿಕೊಂಡಿದ್ದೇನೆ. ಶೀಟ್ ಮಾಡಿ, ಹೆಸರಿನ ಮೇಲೆ ಮೊತ್ತ ಹಾಕಿಸಿ, ರೊನಾಲ್ಡೊ ವಿಶ್ವಕಪ್‌ನಲ್ಲಿ 41 ಪಂದ್ಯ ಆಡಿದ್ದಾರೆ ಅಂದುಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ನೋಡಿದರೆ ಪೋರ್ಚುಗಲ್‌ನ ಕ್ರಿಸ್ಟಿಯಾನೊ ಅವರದು 22, ಬ್ರೆಜಿಲ್‌ನ ರೊನಾಲ್ಡೊ ಅವರದು 19. ನನ್ನ ಶೀಟ್‌ನಲ್ಲಿ ಇಬ್ಬರೂ ಒಬ್ಬರೇ ಆಗಿಬಿಟ್ಟಿದ್ದರು. ಆ ದಿನದಿಂದ ಇಂಥ ಪಟ್ಟಿ ಮಾಡುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಪುರುಷರ ವಿಶ್ವಕಪ್ ಅಂಕಿಗಳೆಲ್ಲ 2022ರ ಕತಾರ್ ಟೂರ್ನಿ ಮುಗಿದಾಗ ಇದ್ದವು. ಯೂರೋ (ಯುರೋಪಿನ ದೇಶಗಳ ಟೂರ್ನಿ) ಮತ್ತು ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ) ಲೆಕ್ಕ 2024ರವರೆಗಿನದು.

ಮೊದಲು ಏನನ್ನು ಎಣಿಸಬೇಕು ಅಂತ ನಿರ್ಧರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ತಂಡದ ಪಟ್ಟಿಯಲ್ಲಿ ಹೆಸರು ಇರುವುದು ಬೇರೆ, ಮೈದಾನಕ್ಕೆ ಇಳಿಯುವುದು ಬೇರೆ. ಬುಫಾನ್ ಅವರನ್ನೇ ತಗೊಳ್ಳಿ. 1998ರಿಂದ 2014ರವರೆಗೆ ಐದು ವಿಶ್ವಕಪ್‌ಗಳಲ್ಲಿ ಇಟಲಿ ತಂಡದಲ್ಲಿ ಇದ್ದರು. ಆದರೆ 1998ರಲ್ಲಿ ಬೆಂಚ್ ಬಿಟ್ಟು ಏಳಲಿಲ್ಲ. ಹಾಗಾದರೆ ಅವರದು ಐದೋ ನಾಲ್ಕೋ? ತಂಡದಲ್ಲಿದ್ದದ್ದು ಐದು, ಆಡಿದ್ದು ನಾಲ್ಕು. ಎರಡಕ್ಕೂ ಬೇರೆ ಬೇರೆ ಕಾಲಂ ಬೇಕು. ಬ್ರೆಜಿಲ್‌ನ ರೊನಾಲ್ಡೊ ಕೂಡ ಹೀಗೆಯೇ. 1994ರಲ್ಲಿ ಕಪ್ ಗೆದ್ದ ತಂಡದಲ್ಲಿ ಇದ್ದರು, ಒಂದು ನಿಮಿಷವೂ ಆಡಲಿಲ್ಲ. ಇನ್ನೂ ಬೇಜಾರಿನ ಕಥೆ ಡಿ ಸ್ಟೆಫಾನೊ ಅವರದು. 1962ರಲ್ಲಿ ಸ್ಪೇನ್ ತಂಡದ ಜೊತೆ ಚಿಲಿಗೆ ಹೋದರು, ಗಾಯದಿಂದಾಗಿ ಆಡಲೇ ಇಲ್ಲ. ಅಷ್ಟು ದೊಡ್ಡ ಆಟಗಾರ, ವಿಶ್ವಕಪ್ ಪಂದ್ಯಗಳ ಕಾಲಂನಲ್ಲಿ ಮಾತ್ರ ಸೊನ್ನೆ.

ಟೂರ್ನಿಗಳ ಸಂಖ್ಯೆಗೂ ಪಂದ್ಯಗಳ ಸಂಖ್ಯೆಗೂ ಸಂಬಂಧ ಕಮ್ಮಿ. ಮೆಕ್ಸಿಕೊದ ಗೋಲ್‌ಕೀಪರ್ ಅಂಟೋನಿಯೊ ಕಾರ್ಬಹಾಲ್ 1950ರಿಂದ 1966ರವರೆಗೆ ಐದು ವಿಶ್ವಕಪ್ ಆಡಿದರು. ಪಂದ್ಯ ಎಷ್ಟು? 11. ಏಕೆಂದರೆ ಆ ಐದರಲ್ಲೂ ಮೆಕ್ಸಿಕೊ ಮೊದಲ ಸುತ್ತು ದಾಟಲೇ ಇಲ್ಲ. ಮೆಸ್ಸಿಯೂ ಐದು ವಿಶ್ವಕಪ್ ಆಡಿದವರೇ, ಪಂದ್ಯ 26.

ಇನ್ನು ಅರ್ಹತಾ ಪಂದ್ಯಗಳು. ಅವನ್ನು ಸೇರಿಸಲೇಬೇಡಿ. ದೇಶಕ್ಕಾಗಿ ಆಡಿದ ಒಟ್ಟು ಪಂದ್ಯ, ಅಂದರೆ ಕ್ಯಾಪ್‌ಗಳು, ಅದು ಬೇರೆಯೇ ಪಟ್ಟಿ. ರಯಾನ್ ಗಿಗ್ಸ್ ವೇಲ್ಸ್‌ಗೆ 64 ಪಂದ್ಯ ಆಡಿದರು, ಆದರೆ ಒಂದು ವಿಶ್ವಕಪ್ಪೂ ಇಲ್ಲ, ಒಂದು ಯೂರೋ ಕೂಡ ಇಲ್ಲ.

ಶೀಟ್ ಹೀಗೆ ಮಾಡಿ

ಟೂರ್ನಿಗೆ ಒಂದು ಸಾಲು ಹಾಕಿ "ಮೆಸ್ಸಿ, 2006, 3" ಅಂತ ಬರೆದುಕೊಂಡರೆ ಬೇಗ ಮುಗಿಯುತ್ತದೆ, ನಿಜ. ಆದರೆ ತಪ್ಪಾದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ. ಪಂದ್ಯಕ್ಕೊಂದು ಸಾಲು ಹಾಕಿ. ಆಟಗಾರನ ಪೂರ್ತಿ ಹೆಸರು, ದೇಶ, ಟೂರ್ನಿ, ಪಂದ್ಯ ನಡೆದ ದಿನ, ಎದುರಾಳಿ, ಮೊದಲಿಂದ ಆಡಿದರಾ ಬದಲಿಯಾಗಿ ಬಂದರಾ, ಎಷ್ಟನೇ ನಿಮಿಷಕ್ಕೆ ಒಳಗೆ, ಎಷ್ಟನೇ ನಿಮಿಷಕ್ಕೆ ಹೊರಗೆ. ಇಷ್ಟು ಸಾಕು.

ಮೆಸ್ಸಿಯ 2006 ಹೇಗೆ ತುಂಬುತ್ತೀರಿ ನೋಡೋಣ. ಅರ್ಜೆಂಟೀನಾ ಆ ವಿಶ್ವಕಪ್‌ನಲ್ಲಿ ಐದು ಪಂದ್ಯ ಆಡಿತು. ಐವರಿ ಕೋಸ್ಟ್ ಎದುರು ಮೆಸ್ಸಿ ಇಳಿಯಲಿಲ್ಲ, ಹಾಗಾಗಿ ಸಾಲು ಇಲ್ಲ. ಸರ್ಬಿಯಾ ಮತ್ತು ಮಾಂಟೆನೆಗ್ರೊ ಎದುರು ಬದಲಿಯಾಗಿ ಬಂದು ಗೋಲು ಹೊಡೆದರು, ಒಂದು ಸಾಲು. ನೆದರ್ಲೆಂಡ್ಸ್ ಎದುರು ಮೊದಲಿಂದ ಆಡಿದರು, ಎರಡು. ಮೆಕ್ಸಿಕೊ ಎದುರು ಮತ್ತೆ ಬದಲಿ, ಮೂರು. ಜರ್ಮನಿ ಎದುರಿನ ಕ್ವಾರ್ಟರ್‌ಫೈನಲ್ 120 ನಿಮಿಷ ನಡೆದು ಪೆನಾಲ್ಟಿವರೆಗೂ ಹೋಯಿತು, ಅಷ್ಟು ಹೊತ್ತೂ ಮೆಸ್ಸಿ ಬೆಂಚ್ ಮೇಲೇ ಕೂತಿದ್ದರು. ಸಾಲು ಇಲ್ಲ. ಒಟ್ಟು 3. ಆಮೇಲೆ 2010ರಲ್ಲಿ 5, 2014ರಲ್ಲಿ 7, 2018ರಲ್ಲಿ 4, 2022ರಲ್ಲಿ 7. ಕೂಡಿಸಿ, 26 ಬರುತ್ತದೆ.

ಜರ್ಮನಿಯ ಲೋಥರ್ ಮಥಾಯಸ್ ಅವರದೂ ಹಾಗೇ ಮಾಡಿ: 2, 7, 7, 5, 4. ಒಟ್ಟು 25. ಆ ಮೊದಲ ಎರಡು 1982ರವು, ಎರಡರಲ್ಲೂ ಬದಲಿಯಾಗಿ ಬಂದದ್ದು. ಕ್ಲೋಸ ಅವರದು 7, 7, 5, 5, ಒಟ್ಟು 24. ಇಟಲಿಯ ಮಾಲ್ದಿನಿ 7, 7, 5, 4, ಒಟ್ಟು 23. ಕ್ರಿಸ್ಟಿಯಾನೊ 6, 4, 3, 4, 5, ಒಟ್ಟು 22. ಮೇಲಿನ ಐದು ಸ್ಥಾನ ಸಿಕ್ಕೇಬಿಟ್ಟಿತು.

ಯಾವುದು ಲೆಕ್ಕಕ್ಕೆ ಬರುತ್ತದೆ

ಮೈದಾನಕ್ಕೆ ಕಾಲಿಟ್ಟರೆ ಒಂದು ಪಂದ್ಯ. ಒಂದೇ ನಿಮಿಷವಾದರೂ ಒಂದೇ, 120 ನಿಮಿಷವಾದರೂ ಒಂದೇ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ನೆದರ್ಲೆಂಡ್ಸ್‌ನ ಗೋಲ್‌ಕೀಪರ್ ಟಿಮ್ ಕ್ರುಲ್. 2014ರ ಕ್ವಾರ್ಟರ್‌ಫೈನಲ್, ಎದುರಾಳಿ ಕೋಸ್ಟರಿಕಾ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿದೆ, ಕೋಚ್ ವಾನ್ ಗಾಲ್ ಇದ್ದ ಕೀಪರ್‌ನನ್ನು ತೆಗೆದು ಕ್ರುಲ್‌ರನ್ನು ಇಳಿಸಿದರು. ಶೂಟೌಟ್‌ಗೋಸ್ಕರವೇ. ಅವರು ಎರಡು ಪೆನಾಲ್ಟಿ ತಡೆದರು, ತಂಡ ಸೆಮಿಫೈನಲ್‌ಗೆ ಹೋಯಿತು. ಆಟದ ಸಮಯ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ಏನೂ ಇಲ್ಲ. ಆದರೆ ದಾಖಲೆಯಲ್ಲಿ ಅದು ಪೂರ್ತಿ ಒಂದು ವಿಶ್ವಕಪ್ ಪಂದ್ಯ. ಶೂಟೌಟ್ ಅನ್ನು ಇನ್ನೊಂದು ಪಂದ್ಯ ಅಂತ ಎಣಿಸಬೇಡಿ, ಹಾಗೆ ಮಾಡುವವರೂ ಇದ್ದಾರೆ.

ರೆಡ್ ಕಾರ್ಡ್ ಸಿಕ್ಕರೂ ಪಂದ್ಯ ಪಂದ್ಯವೇ. 2019ರ ಕೋಪಾ ಅಮೆರಿಕದಲ್ಲಿ ಮೂರನೇ ಸ್ಥಾನದ ಪಂದ್ಯ, ಚಿಲಿ ಎದುರು, ಮೆಸ್ಸಿಯನ್ನು ಮೊದಲಾರ್ಧದಲ್ಲೇ ಹೊರಗೆ ಕಳಿಸಿದರು. ಅದೂ ಒಂದು ಸಾಲು. ಮೂರನೇ ಸ್ಥಾನದ ಪಂದ್ಯವನ್ನು ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಹಾಗೇ, ಮತ್ತೆ ಆಡಿಸಿದ ಪಂದ್ಯ ಇದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ. 1968ರ ಯೂರೋ ಫೈನಲ್‌ನಲ್ಲಿ ಇಟಲಿ ಮತ್ತು ಯುಗೊಸ್ಲಾವಿಯಾ ಸಮ ಆದವು, ಎರಡು ದಿನ ಬಿಟ್ಟು ಮತ್ತೆ ಆಡಿದವು.

ನಿಮಿಷದ ಕಾಲಂ ಯಾಕೆ ಅಂತ ಕೇಳಬಹುದು. ಪಂದ್ಯಗಳ ಲೆಕ್ಕದಲ್ಲಿ ಮಾಲ್ದಿನಿ ನಾಲ್ಕನೆಯವರು. ನಿಮಿಷದ ಲೆಕ್ಕದಲ್ಲಿ 2,216 ನಿಮಿಷದೊಂದಿಗೆ ಎಷ್ಟೋ ವರ್ಷ ಅವರೇ ಮೊದಲು. ಕತಾರ್‌ನ ಫೈನಲ್ ದಿನ ಮೆಸ್ಸಿ ಅದನ್ನು ದಾಟಿದರು.

ಹೆಸರು, ದೇಶ, ವರ್ಷ: ಮೂರೂ ಮೋಸ ಮಾಡುತ್ತವೆ

ಹೆಸರಿನ ಕಥೆ ಆಗಲೇ ಹೇಳಿದೆ. ಪೆಪೆ ಅಂದರೂ ಅಷ್ಟೇ ಗೊಂದಲ. ಪೋರ್ಚುಗಲ್‌ನ ಪೆಪೆ 2024ರ ಯೂರೋದಲ್ಲಿ 41ನೇ ವಯಸ್ಸಿನಲ್ಲಿ ಆಡಿ, ಆ ಟೂರ್ನಿಯ ಅತಿ ಹಿರಿಯ ಆಟಗಾರ ಆದವರು. ಬ್ರೆಜಿಲ್‌ನಲ್ಲೂ ಒಬ್ಬ ಪೆಪೆ ಇದ್ದರು, 1958 ಮತ್ತು 1962ರಲ್ಲಿ ಕಪ್ ಗೆದ್ದ ತಂಡಗಳಲ್ಲಿದ್ದರೂ ಒಂದು ಪಂದ್ಯವನ್ನೂ ಆಡಲಿಲ್ಲ. ಅದಕ್ಕೇ ಪೂರ್ತಿ ಹೆಸರು, ಅದರ ಪಕ್ಕ ಹುಟ್ಟಿದ ವರ್ಷ ಹಾಕಿ. ಅಡ್ಡಹೆಸರಿನ ಮೇಲೆ ಮೊತ್ತ ಹಾಕಬೇಡಿ.

ದೇಶದ ವಿಷಯಕ್ಕೆ ಬಂದರೆ, ಡೆಯಾನ್ ಸ್ಟಾಂಕೊವಿಚ್ ಮೂರು ವಿಶ್ವಕಪ್‌ಗಳನ್ನು ಮೂರು ಹೆಸರಿನ ದೇಶಗಳಿಗೆ ಆಡಿದರು. 1998ರಲ್ಲಿ ಯುಗೊಸ್ಲಾವಿಯಾ, 2006ರಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ, 2010ರಲ್ಲಿ ಸರ್ಬಿಯಾ. ಮನುಷ್ಯ ಒಬ್ಬನೇ, ದೇಶ ಎಲ್ಲೂ ಬದಲಾಯಿಸಿದ್ದಿಲ್ಲ, ದೇಶವೇ ಬದಲಾಯಿತು ಅಷ್ಟೇ. ಶೀಟ್‌ನಲ್ಲಿ ದೇಶದ ಪ್ರಕಾರ ಗುಂಪು ಮಾಡಿದರೆ ಇವರು ಮೂರು ಚೂರು ಆಗಿಹೋಗುತ್ತಾರೆ. ಮಥಾಯಸ್ ಕೂಡ ಮೊದಲ ಮೂರು ವಿಶ್ವಕಪ್ ಪಶ್ಚಿಮ ಜರ್ಮನಿಗೆ, ಕೊನೆಯ ಎರಡು ಜರ್ಮನಿಗೆ ಆಡಿದವರು. ಆಟಗಾರನ ಮೇಲೆ ಗುಂಪು ಮಾಡಿ.

ವರ್ಷ ಅಂದರೆ, ಯೂರೋ 2020 ನಡೆದದ್ದು 2021ರಲ್ಲಿ. ಆಫ್ರಿಕಾ ಕಪ್ 2023 ಮತ್ತು ಏಷ್ಯನ್ ಕಪ್ 2023 ಎರಡೂ ನಡೆದದ್ದು 2024ರಲ್ಲಿ. ಟೂರ್ನಿಯ ಹೆಸರಿಗೆ ಒಂದು ಕಾಲಂ, ನಿಜವಾದ ದಿನಾಂಕಕ್ಕೆ ಇನ್ನೊಂದು. ಇಲ್ಲದಿದ್ದರೆ ಒಂದೇ ಟೂರ್ನಿ ಎರಡು ಸಲ ಸೇರಿಕೊಳ್ಳುತ್ತದೆ.

ಬೇರೆ ಬೇರೆ ಟೂರ್ನಿಗಳನ್ನು ಕೂಡಿಸುವಾಗ

ವಿಶ್ವಕಪ್ ಜೊತೆ ಖಂಡದ ಟೂರ್ನಿಯನ್ನೂ ಸೇರಿಸಬಹುದು, ತಪ್ಪೇನಿಲ್ಲ. ಕ್ರಿಸ್ಟಿಯಾನೊ ಆರು ಯೂರೋಗಳಲ್ಲಿ 30 ಪಂದ್ಯ ಆಡಿದ್ದಾರೆ, ವಿಶ್ವಕಪ್‌ನ 22 ಸೇರಿಸಿದರೆ 52. ಮೆಸ್ಸಿ ಏಳು ಕೋಪಾಗಳಲ್ಲಿ 39, ವಿಶ್ವಕಪ್‌ನ 26 ಸೇರಿದರೆ 65. ಆದರೆ 65 ದೊಡ್ಡದು, 52 ಚಿಕ್ಕದು ಅಂತ ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯ. ಕೋಪಾ 2015ರಲ್ಲಿ ಆಯಿತು, ಮತ್ತೆ 2016ರಲ್ಲೇ ಆಯಿತು, 2019, 2021, 2024. ಯೂರೋ ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ಚಿಲಿಯ ಗೋಲ್‌ಕೀಪರ್ ಸೆರ್ಜಿಯೊ ಲಿವಿಂಗ್‌ಸ್ಟನ್ 1941ರಿಂದ 1953ರೊಳಗೆ ಕೋಪಾದಲ್ಲಿ 34 ಪಂದ್ಯ ಆಡಿದ್ದೂ ಅದಕ್ಕೇ. ಆಗ ಆ ಟೂರ್ನಿ ಒಂದೆರಡು ವರ್ಷಕ್ಕೊಮ್ಮೆ ಬರುತ್ತಿತ್ತು. ಆ 34ನ್ನು ಮುಟ್ಟಲು ಮೆಸ್ಸಿಗೆ 2021ರ ಫೈನಲ್‌ವರೆಗೆ ಬೇಕಾಯಿತು.

ಹಳೆಯ ಯೂರೋಗಳಲ್ಲಂತೂ 1976ರವರೆಗೆ ಕೊನೆಯ ಹಂತಕ್ಕೆ ಬರುತ್ತಿದ್ದದ್ದು ನಾಲ್ಕೇ ತಂಡ. ಕಪ್ ಗೆದ್ದರೂ ಎರಡು ಪಂದ್ಯ, 1968ರಂತೆ ಫೈನಲ್ ಮತ್ತೆ ಆಡಿಸಿದರೆ ಮಾತ್ರ ಮೂರು. ಈಗ 24 ತಂಡ, ಏಳು ಪಂದ್ಯ. ಪುರುಷರ ವಿಶ್ವಕಪ್ 2026ರಿಂದ 48 ತಂಡಗಳದ್ದು, ಫೈನಲ್‌ವರೆಗೆ ಹೋದವರಿಗೆ ಎಂಟು ಪಂದ್ಯ. ಪೆಲೆ ನಾಲ್ಕು ವಿಶ್ವಕಪ್‌ಗಳಲ್ಲಿ ಆಡಿದ್ದು ಬರೀ 14.

ಇದಕ್ಕೇ ನಾನು ಇನ್ನೊಂದು ಕಾಲಂ ಇಟ್ಟುಕೊಂಡಿದ್ದೇನೆ, ನನ್ನ ಮಟ್ಟಿಗೆ ಇಡೀ ಶೀಟ್‌ನಲ್ಲಿ ಅದೇ ಚೆನ್ನ. ಆಟಗಾರ ತಂಡದಲ್ಲಿದ್ದ ಟೂರ್ನಿಗಳಲ್ಲಿ ತಂಡ ಒಟ್ಟು ಎಷ್ಟು ಪಂದ್ಯ ಆಡಿತು, ಅದರಲ್ಲಿ ಇವರು ಎಷ್ಟು ಆಡಿದರು? ಮಥಾಯಸ್ 31ರಲ್ಲಿ 25. ಕ್ಲೋಸ 28ರಲ್ಲಿ 24. ಕ್ಲೋಸ ಇದ್ದ ನಾಲ್ಕೂ ವಿಶ್ವಕಪ್‌ಗಳಲ್ಲಿ ಜರ್ಮನಿ ಏಳೇಳು ಪಂದ್ಯ ಆಡಿತ್ತು, ಅಂಥ ಅದೃಷ್ಟ ಎಷ್ಟು ಜನಕ್ಕೆ ಸಿಗುತ್ತೆ ಹೇಳಿ. ಮೆಸ್ಸಿ 28ರಲ್ಲಿ 26, ತಪ್ಪಿದ ಎರಡೂ ಆ 2006ರವೇ. ಮಾಲ್ದಿನಿ 23ರಲ್ಲಿ 23. ಒಂದೂ ಬಿಟ್ಟಿಲ್ಲ!

ಮಹಿಳೆಯರ ವಿಶ್ವಕಪ್‌ಗೆ ಬಂದರೆ ಇದನ್ನೂ ಮೀರಿಸಿದವರು ಇದ್ದಾರೆ. ಅಮೆರಿಕದ ಕ್ರಿಸ್ಟೀನ್ ಲಿಲಿ 1991, 1995, 1999, 2003, 2007, ಐದು ವಿಶ್ವಕಪ್ ಆಡಿದರು. ಐದರಲ್ಲೂ ಅಮೆರಿಕ ಒಂದೋ ಚಾಂಪಿಯನ್, ಇಲ್ಲವೇ ಮೂರನೇ ಸ್ಥಾನ. ಅಂದರೆ ಪ್ರತಿ ಸಲ ಆರು ಪಂದ್ಯ. ಆರೈದಲೆ ಮೂವತ್ತು, ಮೂವತ್ತೂ ಆಡಿದರು. ಪುರುಷರು ಮಹಿಳೆಯರು ಅಂತ ನೋಡದೆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಪಂದ್ಯ ಯಾರದು ಅಂತ ಕತಾರ್ ಮುಗಿದಾಗ ಕೇಳಿದ್ದರೂ ಉತ್ತರ ಮೆಸ್ಸಿ ಆಗುತ್ತಿರಲಿಲ್ಲ, ಲಿಲಿ ಆಗುತ್ತಿತ್ತು. ಟೂರ್ನಿಗಳ ಲೆಕ್ಕಕ್ಕೆ ಬಂದರೆ ಬ್ರೆಜಿಲ್‌ನ ಫೋರ್ಮಿಗಾ, 1995ರಿಂದ 2019ರವರೆಗೆ ಏಳು ವಿಶ್ವಕಪ್, 27 ಪಂದ್ಯ. 17ನೇ ವಯಸ್ಸಲ್ಲಿ ಶುರು, 41ನೇ ವಯಸ್ಸಲ್ಲಿ ಕೊನೆ. ಇವರ ನಿಜವಾದ ಹೆಸರು ಮಿರಾಯಿಲ್ಡೆಸ್ ಮಾಸಿಯೆಲ್ ಮೋಟಾ, ಶೀಟ್‌ನಲ್ಲಿ ಎರಡು ಕಡೆ ಎರಡು ಹೆಸರಲ್ಲಿ ಕೂತಿದ್ದಾರಾ ನೋಡಿಕೊಳ್ಳಿ.

ಪ್ರಕಟಿಸುವ ಮೊದಲು ಒಂದು ಸಲ ತಾಳೆ ನೋಡಿ

ಸುಲಭದ ಎರಡು ಪರೀಕ್ಷೆ ಇವೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದೇ 1970ರಲ್ಲಿ. ಅದಕ್ಕಿಂತ ಹಿಂದಿನ ಯಾವುದೇ ಪಂದ್ಯಕ್ಕೆ ನಿಮ್ಮ ಶೀಟ್‌ನಲ್ಲಿ ಸರಿಯಾಗಿ 22 ಸಾಲು ಇರಬೇಕು. 23 ಇದ್ದರೆ ಯಾರೋ ನುಸುಳಿದ್ದಾರೆ, 21 ಇದ್ದರೆ ಯಾರೋ ಬಿಟ್ಟುಹೋಗಿದ್ದಾರೆ. ಎರಡನೆಯದು, 2022ರವರೆಗಿನ ಪುರುಷರ ವಿಶ್ವಕಪ್‌ನಲ್ಲಿ ಒಬ್ಬರಿಗೆ ಒಂದೇ ಟೂರ್ನಿಯಲ್ಲಿ ಎಂಟು ಪಂದ್ಯ ಬಂದಿದ್ದರೆ ಯಾವುದೋ ಸಾಲು ಎರಡು ಸಲ ಸೇರಿದೆ.

ಕೊನೆಗೆ ಸಮ ಆದವರ ವಿಷಯ. ಕ್ರಿಸ್ಟಿಯಾನೊ ನಂತರ 21 ಪಂದ್ಯ ಆಡಿದವರು ಮೂವರು: ಪಶ್ಚಿಮ ಜರ್ಮನಿಯ ಉವೆ ಝೀಲರ್, ಪೋಲೆಂಡ್‌ನ ಝ್ಮುದಾ, ಅರ್ಜೆಂಟೀನಾದ ಮರಡೋನಾ. ಮರಡೋನಾ ಹೆಸರು ದೊಡ್ಡದು ಅಂತ ಮೇಲೆ ಹಾಕಬೇಡಿ. ಝ್ಮುದಾ ಅವರ 21ನೇ ಪಂದ್ಯ 1986ರಲ್ಲಿ ಬ್ರೆಜಿಲ್ ಎದುರು ಕೊನೆಯ ಕೆಲವೇ ನಿಮಿಷಕ್ಕೆ ಬದಲಿಯಾಗಿ ಬಂದದ್ದು ಅಂತ ಕೆಳಗೂ ಇಳಿಸಬೇಡಿ. ಮೂವರಿಗೂ ಆರನೇ ಸ್ಥಾನ ಕೊಡಿ, ಅವರ ನಂತರದವರಿಗೆ ಒಂಬತ್ತನೆಯದು. ಪಟ್ಟಿಯ ಕೆಳಗೆ ಯಾವ ದಿನಾಂಕದವರೆಗಿನ ಲೆಕ್ಕ ಅಂತ ಬರೆಯಿರಿ, ಯಾಕೆಂದರೆ ಇದರಲ್ಲಿ ಕೆಲವರು ಆ ದಿನಾಂಕದ ಆಚೆಗೂ ಆಡುತ್ತಿದ್ದವರು.