ಹೋಂಸ್ಟೇ ಬಾಗಿಲಲ್ಲಿ ಕಲಿತ ಇಂಗ್ಲಿಷ್

ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರೇ ಜಾಸ್ತಿ. ಬೆಂಗಳೂರು, ಮೈಸೂರಿನವರಾದರೆ ಕನ್ನಡದಲ್ಲೇ ಮಾತು. ಹೊರದೇಶದವರು ಬಂದರೆ ಇಂಗ್ಲಿಷ್ ಬೇಕೇ ಬೇಕು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ವ್ಯಾಕರಣ ಹಿಡಿದು ಕೂರಲು ಬಿಡುವೂ ಇರಲಿಲ್ಲ. ಹಾಗಾಗಿ ಬಾಗಿಲಲ್ಲಿ ಆಡುವ ಮಾತನ್ನೇ ಮೊದಲು ಕಲಿತೆ.

ತಿಂಡಿಯ ಹೊತ್ತಿಗೆ ಅತಿಥಿಗಳು ಒಬ್ಬರಿಗೊಬ್ಬರು ಏನನ್ನುತ್ತಾರೆ ಅಂತ ಕಿವಿಗೊಟ್ಟು ಕೇಳುತ್ತಿದ್ದೆ. ಒಬ್ಬರು ‘ಹೌ ಆರ್ ಯು?’ ಅಂದರೆ ಇನ್ನೊಬ್ಬರು ‘ಗುಡ್, ಥ್ಯಾಂಕ್ಸ್. ಹೌ ಆರ್ ಯು?’ ಅನ್ನುತ್ತಾರೆ. ಮೊದಲು ಕೇಳುವವರು ಸಾಮಾನ್ಯವಾಗಿ ‘ಆರ್’ ಅನ್ನು ಒತ್ತಿ ಹೇಳುತ್ತಾರೆ. ತಿರುಗಿ ಕೇಳುವವರು ‘ಯು’ ಅನ್ನು ಒತ್ತುತ್ತಾರೆ. ಇಷ್ಟು ಸರಿಹೋದರೆ ಮಾತು ಎಷ್ಟು ಸಲೀಸು ಅನಿಸುತ್ತದೆ ಗೊತ್ತಾ! ಶಾಲೆಯ ‘ಐ ಆಮ್ ಫೈನ್, ಥ್ಯಾಂಕ್ ಯು’ ತಪ್ಪೇನಲ್ಲ. ಆದರೆ ತಿರುಗಿ ಕೇಳದಿದ್ದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಅಭ್ಯಾಸ. ಉತ್ತರದ ಜೊತೆ ನಮ್ಮದೊಂದು ಚಿಕ್ಕ ಸುದ್ದಿ ಸೇರಿಸುವುದು. ಜನವರಿಯಲ್ಲಿ ಯಾರಾದರೂ ಕೇಳಿದರೆ ‘ಗುಡ್, ಥ್ಯಾಂಕ್ಸ್. ಬಿಟ್ ಬ್ಯುಸಿ, ವಿ ಆರ್ ಪಿಕಿಂಗ್ ಕಾಫಿ’ ಅನ್ನುತ್ತೇನೆ. ಆಮೇಲೆ ಅವರೇ ಕೇಳಲು ಶುರುಮಾಡುತ್ತಾರೆ. ಹಣ್ಣು ಯಾವಾಗ ಕೆಂಪಾಗುತ್ತದೆ, ಕಣದಲ್ಲಿ ಎಷ್ಟು ದಿನ ಒಣಗಬೇಕು, ನೋಡಬಹುದಾ ಅಂತ. ಆದರೆ ಅಪರಿಚಿತರ ಹತ್ತಿರ ಕಾಯಿಲೆ, ಕಷ್ಟ ಹೇಳಿಕೊಳ್ಳುವ ಜಾಗ ಇದಲ್ಲ.

ಇಂಗ್ಲೆಂಡಿನಿಂದ ಬಂದ ಒಬ್ಬರು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ‘ಆಲ್‌ರೈಟ್?’ ಅಂದರು. ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಹುಡುಗಿ ಗಾಬರಿಯಾಗಿ, ‘ಅಕ್ಕಾ, ನನ್ನ ಮುಖ ಸಪ್ಪಗಿದೆಯಾ?’ ಅಂತ ಕೇಳಿದಳು. ಅಲ್ಲಿನವರಿಗೆ ಅದು ಬರೀ ನಮಸ್ಕಾರ ಅಂದ ಹಾಗೆ. ‘ಯಾ, ಗುಡ್, ಥ್ಯಾಂಕ್ಸ್. ಯು?’ ಅಂದರೆ ಸಾಕು. ಆಸ್ಟ್ರೇಲಿಯಾದವರ ‘ಹೌ ಯಾ ಗೋಯಿಂಗ್?’ ಕೂಡ ಹಾಗೇ, ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಿಲ್ಲ. ಅಮೆರಿಕದ ಹುಡುಗರ ‘ವಾಟ್ಸ್ ಅಪ್?’ಗೆ ‘ನಾಟ್ ಮಚ್. ಯು?’ ಅನ್ನಬಹುದು. ಸಂಜೆ ಪಾತ್ರೆ ತೊಳೆಯುವಾಗ ನಾವಿಬ್ಬರೂ ಇವನ್ನೆಲ್ಲ ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು. ಅವಳು ಅತಿಥಿ, ನಾನು ಮನೆಯವಳು. ಆಮೇಲೆ ಅದಲುಬದಲು. ಬಾಯಿಗೆ ರೂಢಿಯಾಗಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ರಾತ್ರಿ ಒಂಬತ್ತಕ್ಕೆ ಕಾರು ಬಂದು ನಿಂತರೂ ‘ಗುಡ್ ಈವ್ನಿಂಗ್’ ಅಂತಲೇ ಬರಮಾಡಿಕೊಳ್ಳಬೇಕು. ‘ಗುಡ್ ನೈಟ್’ ಮಲಗಲು ಹೊರಟಾಗ, ಇಲ್ಲವೇ ರಾತ್ರಿ ಬೀಳ್ಕೊಡುವಾಗ. ಮೊದಲ ಸಲ ಬಂದವರಿಗೆ ‘ನೈಸ್ ಟು ಮೀಟ್ ಯು’. ಮತ್ತೆ ಬಂದವರಿಗೆ ‘ನೈಸ್ ಟು ಸೀ ಯು ಅಗೇನ್’. ಹಳಬರು ಇದನ್ನು ಕೇಳಿದರೆ ಎಷ್ಟು ಖುಷಿಪಡುತ್ತಾರೆ!

ನಮ್ಮ ‘ಊಟ ಆಯ್ತಾ?’ ನಾನು ಬಿಟ್ಟಿಲ್ಲ. ನಮಗದು ಕ್ಷೇಮ ಕೇಳಿದ ಹಾಗೆ. ಹೊರದೇಶದವರಲ್ಲಿ ಹಲವರಿಗೆ ಊಟಕ್ಕೆ ಕರೆದ ಹಾಗೆ ಕೇಳಿಸುತ್ತದೆ. ಆದ್ದರಿಂದ ಒಲೆಯ ಮೇಲೆ ಕಡಂಬುಟ್ಟು, ಅಂದರೆ ನಮ್ಮ ಅಕ್ಕಿ ತರಿಯ ಕಡುಬು, ಬೇಯುತ್ತಿದ್ದರೆ ಮಾತ್ರ ‘ಹ್ಯಾವ್ ಯು ಈಟನ್?’ ಅನ್ನುತ್ತೇನೆ. ಇಲ್ಲ ಅಂದವರಿಗೆ ಆಗಲೇ ತಟ್ಟೆ ಹಾಕಬಹುದು ಅಲ್ವಾ.