ಮಕ್ಕಳ ಬೆನ್ನು ಡೊಂಕಾಗಿದೆಯಾ? ಬಗ್ಗಿಸಿ ನೋಡಿ
10ರಿಂದ 15 ವರ್ಷದ ಮಕ್ಕಳ ಬೆನ್ನುಮೂಳೆ ನೆಟ್ಟಗಿದೆಯಾ ಅಂತ ತಿಳಿಯಬೇಕಾದರೆ ಸುಮ್ನೆ ನಿಲ್ಲಿಸಿ ನೋಡಿದರೆ ಸಾಲದು, ಬಗ್ಗಿಸಿ ನೋಡಿ. ಅಂಗಿ ತೆಗೆಸಿ. ಪಾದ ಜೋಡಿಸಿ, ಮಂಡಿ ಮಡಚದೆ, ಎರಡೂ ಅಂಗೈ ಸೇರಿಸಿ ಕೈ ಇಳಿಬಿಟ್ಟು ಮುಂದಕ್ಕೆ ಬಾಗಲಿ. ನೀವು ಹಿಂದೆ ಕೂತು, ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಪಕ್ಕೆಲುಬು ಒಂದು ಕಡೆ ಜಾಸ್ತಿ ಉಬ್ಬಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಬೆನ್ನುಮೂಳೆಯ ಈ ಡೊಂಕಿಗೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಇದರಲ್ಲಿ ಬೆನ್ನುಮೂಳೆ ಪಕ್ಕಕ್ಕೆ ವಾಲುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಆ ತಿರುಚು ಒಂದು ಕಡೆಯ ಪಕ್ಕೆಲುಬನ್ನು ಹಿಂದಕ್ಕೆ ತಳ್ಳುತ್ತದೆ, ಬಾಗಿದಾಗ ಅದು ಎದ್ದು ಕಾಣುತ್ತದೆ. ನೋವಿಲ್ಲವಲ್ಲ ಅಂತ ಬಿಡಬೇಡಿ, ಈ ವಯಸ್ಸಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಆದರೆ ಒಂದು ಕಾಲು ಗಿಡ್ಡ ಇದ್ದರೆ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಸ್ಟೂಲ್ ಮೇಲೆ ಕೂರಿಸಿ ಬಗ್ಗಿಸಿದಾಗ ಉಬ್ಬು ಮಾಯವಾದರೆ ಕಾರಣ ಬಹುಶಃ ಕಾಲು. ಸಣ್ಣ ಡೊಂಕು ಕಣ್ಣು ತಪ್ಪಲೂಬಹುದು. ಎಕ್ಸ್‌ರೇಯಲ್ಲಿ ಕನಿಷ್ಠ 10 ಡಿಗ್ರಿ ಇದ್ದರೇ ಸ್ಕೋಲಿಯೋಸಿಸ್ ಅನ್ನುವುದು. ಸೊಂಟ ಹಿಡಿದುಕೊಂಡಿರುವಾಗ ಯಾರಿಗೂ ಈ ಪರೀಕ್ಷೆ ಬೇಡ. ಆಗ ಸ್ನಾಯು ಸೆಟೆದು ಮೈಯೇ ಒಂದು ಕಡೆ ವಾಲಿರುತ್ತದೆ, ನೋವು ಇಳಿದರೆ ಅದೂ ಹೋಗುತ್ತದೆ. ಅಂಗಾತ ಮಲಗಿ ಮಂಡಿಯಿಂದ ಕೆಳಗಿನ ಕಾಲನ್ನು ಕುರ್ಚಿ ಮೇಲಿಟ್ಟರೆ ಹಲವರಿಗೆ ಹಾಯೆನಿಸುತ್ತದೆ. ಆಮೇಲೆ ಆದಷ್ಟು ನಡೆದಾಡಿ, ಹಾಸಿಗೆ ಹಿಡಿದರೆ ವಾಸಿಯಾಗುವುದು ಇನ್ನೂ ತಡ. ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಇದ್ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.