ಸ್ಕಾಲರ್‌ಶಿಪ್ ಮಂಜೂರಾದರೂ ಹಣ ಬಾರದಿದ್ದರೆ

ಕಾಸರಗೋಡಿನಲ್ಲಿ ಪ್ಲಸ್ ಟು ಮಕ್ಕಳಿಗೆ ಡಿಗ್ರಿ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುತ್ತೇನೆ. ಕೆಲವರಿಗೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಮಂಜೂರಾಗಿತ್ತು, ಖಾತೆಗೆ ಹಣ ಮಾತ್ರ ಬರಲಿಲ್ಲ.

ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ ಅಂದರು. ಕೆವೈಸಿ ಮತ್ತೆ ಕೊಟ್ಟೆವು. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿದೆವು. ಯಾವುದೂ ಫಲ ಕೊಡಲಿಲ್ಲ.

ಖಾತೆಗೆ ಆಧಾರ್ ನಂಬರ್ ಕೊಡುವುದೇ ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿಯಲ್ಲಿ, ಸೀಡಿಂಗ್ (ದಾಖಲು) ಆಗುವುದೇ ಬೇರೆ. ಡಿಬಿಟಿ ಹಣ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಹೋಗುವುದು ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ. ಹೆಚ್ಚಿನವರಿಗೆ ಅದು ಶಾಲೆಯಲ್ಲಿದ್ದಾಗ ತೆರೆದು ಬಿಟ್ಟ ಹಳೇ ಖಾತೆ.

ಮೊದಲು ಮೈಆಧಾರ್ ಸೈಟ್‌ಗೆ ಒಟಿಪಿ ಹಾಕಿ ಲಾಗಿನ್ ಆಗಿ. ಒಟಿಪಿ ಗಲ್ಫ್‌ನಲ್ಲಿರುವ ಅಪ್ಪನ ನಂಬರಿಗೆ ಹೋಗುವುದು ನಮ್ಮಲ್ಲಿ ಜಾಸ್ತಿ. ಹಾಗಿದ್ದರೆ ಆಧಾರ್ ಸೇವೆ ಇರುವ ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಮಗುವಿನ ನಂಬರ್ ಸೇರಿಸಿ. ಆಮೇಲೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಜೊತೆಗೆ 'ಆಕ್ಟಿವ್' ಅಥವಾ 'ಇನ್‌ಆಕ್ಟಿವ್' ಎಂದು ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಣ ಬರಬೇಕಾದ ಬ್ಯಾಂಕಿನ ಶಾಖೆಗೇ ಹೋಗಿ. ಸುಮ್ನೆ ಲಿಂಕ್ ಮಾಡಿ ಅನ್ನಬೇಡಿ. ಡಿಬಿಟಿಗೆ ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ಕೇಳಿ. ಅದರಲ್ಲಿ ಬೇರೆ ಬ್ಯಾಂಕಿನಿಂದ ಬದಲಿಸುವ ಆಯ್ಕೆಗೆ ಗುರುತು ಹಾಕಿ, ಹಳೇ ಬ್ಯಾಂಕಿನ ಹೆಸರು ಬರೆಯಿರಿ. ನಮಗೆ ಕೆಲಸ ಮಾಡಿದ್ದು ಈ ಸಾಲು. ಸಹಿ ಹಾಕಿ ಸ್ವೀಕೃತಿ ಪಡೆಯಿರಿ.

ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಹೊಸ ಬ್ಯಾಂಕಿನ ಹೆಸರು, 'ಆಕ್ಟಿವ್' ಎರಡೂ ಕಾಣಬೇಕು. ಈಗ ಹೊಸ ಅರ್ಜಿ ತುಂಬುವ ಮೊದಲೇ ಇದನ್ನು ಮಾಡಿಸುತ್ತೇನೆ.